ಸಾಹೇಬರ ಜೋಕಿಗೆ ನಕ್ಕವಳು

ನಮ್ಮ ಸಾಹೇಬರ ಹತ್ತಿರ ಒಟ್ಟು ನಾಲ್ಕು ಜೋಕುಗಳಿದ್ದವು. ನಾನು ಅವರ ಕೈಕೆಳಗಿದ್ದ ಒಂಬತ್ತು ವರ್ಷಗಳಲ್ಲಿ ಐದನೆಯದು ಹುಟ್ಟಲೇ ಇಲ್ಲ. ಕೊಯ್ದ ಬೆಳೆಯನ್ನು ಕೆಡದಂತೆ ಇಡುವುದು ಹೇಗೆಂದು ನೋಡುವ, ನಾಸಿಕದ ಒಂದು ಪುಟ್ಟ ಸರಕಾರಿ ಪ್ರಯೋಗಾಲಯ ನಮ್ಮದು. ಬ್ಯಾಂಕಿನವರು ನನ್ನ ಗಂಡನನ್ನು ಕಲಬುರ್ಗಿಯಿಂದ ಎತ್ತಿ ಇಲ್ಲಿ ಹಾಕಿದಾಗ ನಾನೂ ಹಿಂದೆಯೇ ಬಂದು ಈ ಕೆಲಸ ಹಿಡಿದೆ. ಹೆಂಗಸು ವಿಜ್ಞಾನಿ ಅಂತ ಅಲ್ಲಿ ಇದ್ದವಳು ನಾನೊಬ್ಬಳೇ.

ನಗುವುದಕ್ಕೂ ನಮ್ಮಲ್ಲಿ ಒಂದು ಪದ್ಧತಿಯಿತ್ತು. ಮೊದಲು ಹಿರಿಯ ವಿಜ್ಞಾನಿ, ಅಂದರೆ ನಾನು, ನಗಬೇಕು. ಆಮೇಲೆ ಆಫೀಸಿನ ಹೆಡ್‌ಕ್ಲರ್ಕು, ಅವನ ಹಿಂದೆ ಉಳಿದವರು. ನಾನು ಒಂದು ಕ್ಷಣ ತಡ ಮಾಡಿದರೂ ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಸಾಹೇಬರ ಮುಖ ಸಣ್ಣದಾದರೆ ಆ ವಾರ ಯಾರ ರಜೆಯೂ ಮಂಜೂರಾಗುತ್ತಿರಲಿಲ್ಲ. ಹಾಗಾಗಿ ಜೋಕು ಮುಗಿಯುವುದಕ್ಕೂ ಒಂದು ಗಳಿಗೆ ಮೊದಲೇ ನಾನು ನಗು ಹಚ್ಚುತ್ತಿದ್ದೆ.

ಮೂರನೆಯ ಜೋಕು ಈರುಳ್ಳಿಯದು. "ಈರುಳ್ಳಿ ಚಾಳಿನೊಳಗೆ ತೇವ ಏರಿದರೆ ಮಾಲು ಕೊಳೆಯುತ್ತದೆ. ಅದಕ್ಕೇ ಅಲ್ಲಿಗೆ ಹುಡುಗಿಯರನ್ನು ಬಿಡಬಾರದು. ಬೈದರೂ ಅಳುತ್ತಾರೆ, ಹೊಗಳಿದರೂ ಅಳುತ್ತಾರೆ, ತೇವ ಏರಿಯೇ ಏರುತ್ತದೆ!" ಚಾಳು ಅಂದರೆ ಈರುಳ್ಳಿ ಕೂಡಿಡುವ, ಗಾಳಿಯಾಡುವ ಬಿದಿರಿನ ಕೊಟ್ಟಿಗೆ. ಸುಳ್ಳೇಕೆ ಹೇಳಲಿ, ಮೊದಲ ಸಲ ಕೇಳಿದಾಗ ಮೈ ಉರಿದಿತ್ತು. ನಾಲ್ಕನೆಯ ಸಲಕ್ಕೆ ಉರಿ ಆರಿತ್ತು. ಹತ್ತನೆಯ ಸಲಕ್ಕೆ ಜೋಕು ಕಿವಿಗೆ ಬೀಳುತ್ತಲೇ ಇರಲಿಲ್ಲ, ನಗು ಮಾತ್ರ ತಾನಾಗಿ ಬರುತ್ತಿತ್ತು.

ತಮಾಷೆಯೆಂದರೆ ನಮ್ಮ ಚಾಳುಗಳ ಕೆಲಸವನ್ನೆಲ್ಲ ಮಾಡುತ್ತಿದ್ದವಳು ಒಬ್ಬ ಹುಡುಗಿ. ಬೀದರಿನಿಂದ ಹೋಗಿ ಸಿಲ್ಲೋಡಿನಲ್ಲಿ ಹತ್ತಿ ವ್ಯಾಪಾರ ಹಿಡಿದವರ ಮಗಳು, ನನ್ನ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದಳು. ಮೂರು ಮಳೆಗಾಲ ಸಟಾಣಾದ ಚಾಳುಗಳಲ್ಲಿ ಕೂತು, ಕೊಳೆತ ಈರುಳ್ಳಿಯನ್ನು ಆರಿಸಿ ತೂಗಿ ಬರೆದುಕೊಂಡವಳು. ಆ ವಾಸನೆಗೆ ಬಸ್ಸಿನಲ್ಲಿ ಪಕ್ಕದ ಸೀಟಿನವರು ಎದ್ದು ಹೋಗುತ್ತಿದ್ದರಂತೆ. ಭಾನುವಾರ ನಮ್ಮ ಮನೆಗೆ ಬಂದು ಜೋಳದ ರೊಟ್ಟಿ ಉಂಡು ಹೋಗುತ್ತಿದ್ದಳು. ಕನ್ನಡ ಪೂರ್ತಿ ತಿಳಿಯುತ್ತಿತ್ತು. ಆಡಲು ಹೋದರೆ ನಡುನಡುವೆ ಮರಾಠಿ ನುಗ್ಗುತ್ತಿತ್ತು.

ಆ ವರ್ಷ ವಿಜ್ಞಾನ ದಿನಕ್ಕೆ ಔರಂಗಾಬಾದಿನ ಒಂದು ಹೆಣ್ಣುಮಕ್ಕಳ ಕಾಲೇಜು ಸಾಹೇಬರನ್ನು ಭಾಷಣಕ್ಕೆ ಕರೆಯಿತು. ಊರಿಗೆ ಆಗ ಅದೇ ಹೆಸರು, ಸಂಭಾಜಿನಗರ ಆದದ್ದು ಆಮೇಲೆ. ಆಫೀಸಿನ ಜೀಪಿನಲ್ಲಿ ಸಾಹೇಬರು, ನಾನು, ಹುಡುಗಿ ಹೋದೆವು. ಭಾಷಣ ಸಾಹೇಬರದು, ಪರದೆಯ ಮೇಲಿನ ಚಿತ್ರ, ಲೆಕ್ಕ ಎಲ್ಲ ಹುಡುಗಿಯದು. ಅವಳು ಹಿಂದೆ ಪ್ರೊಜೆಕ್ಟರಿನ ಹತ್ತಿರ ನಿಂತು ಚಿತ್ರ ಬದಲಿಸುತ್ತಿದ್ದಳು. ನಾನು ನೇರಳೆ ಬಣ್ಣದ ಇಳಕಲ್ಲ ಸೀರೆ ಉಟ್ಟು ಮೊದಲ ಸಾಲಿನಲ್ಲಿ ಕೂತಿದ್ದೆ. ಎದುರಿಗೆ ಮುನ್ನೂರು ಹುಡುಗಿಯರನ್ನು ಕಂಡು ಸಾಹೇಬರಿಗೆ ಹುರುಪು ಬಂತು, ಮೂರನೆಯ ಜೋಕನ್ನು ಬಿಟ್ಟರು. ಸಭೆಯಲ್ಲಿ ಸೂಜಿ ಬಿದ್ದರೂ ಕೇಳುವಷ್ಟು ಮೌನ. ಆ ಮೌನದಲ್ಲಿ ಒಂದೇ ಒಂದು ನಗು, ನನ್ನದು, ಹಲ್ಲೆಲ್ಲ ಕಾಣುವಂತೆ, ತಲೆ ಹಿಂದಕ್ಕೆ ಚೆಲ್ಲಿ.

ಯಾರೋ ಮೊಬೈಲಿನಲ್ಲಿ ಹಿಡಿದಿದ್ದರು. ಸಂಜೆ ನಾವು ಯೇವಲಾ ದಾಟುವುದರೊಳಗೆ ಅದು ವಾಟ್ಸಾಪಿನಲ್ಲಿ ನಮಗಿಂತ ಮುಂಚೆ ನಾಸಿಕ ಮುಟ್ಟಿತ್ತು. ಸಾಹೇಬರು ಅದರಲ್ಲಿ ಮಸುಕು ಮಸುಕು, ದನಿ ಮಾತ್ರ ಅವರದು. ಸ್ಪಷ್ಟವಾಗಿ ಕಾಣುತ್ತಿದ್ದವಳು ನಾನು.

ಮನೆಗೆ ಬಂದರೆ ಗಂಡ ಅದನ್ನೇ ಹಚ್ಚಿಕೊಂಡು ಕೂತಿದ್ದರು. "ಇಪ್ಪತ್ತೆರಡು ವರ್ಷದಾಗ ನಾ ಹೇಳಿದ ಒಂದ್ ಜೋಕಿಗರೇ ಹಿಂಗ ನಕ್ಕೀಯೇನ್?" ಅಂದರು. ನಿಜವಾಗಿಯೂ ನೊಂದಿದ್ದರು, ಪಾಪ. ಕಲಬುರ್ಗಿಯಿಂದ ತಂಗಿಯ ಫೋನು. "ಅಕ್ಕಾ, ಮಂದಿ ಏನರೇ ಬೈಲಿ, ನೀ ಭಾಳ ಛಂದ ಕಾಣ್ಲಕತ್ತಿ. ಆ ಸೀರಿ ಎಲ್ಲಿ ತಗೊಂಡಿ?" ನಾಸಿಕದ ಕನ್ನಡ ಸಂಘದ ಅಧ್ಯಕ್ಷರು ಫೋನು ಮಾಡಿ ಸಂಘದ ಹೆಸರು ಕೆಡಿಸಿದಿರಿ ಅಂದರು. ನಾನು ಸಂಘಕ್ಕೆ ಮೆಂಬರೇ ಅಲ್ಲ!

ಮರಾಠಿ ಪತ್ರಿಕೆಗಳಲ್ಲಿ ಬಂತು. ಕಾಲೇಜಿನ ಹುಡುಗಿಯರು ಒಂದು ಗೋಣಿಚೀಲ ಈರುಳ್ಳಿಗೆ ಒಂದು ಕರವಸ್ತ್ರ ಕಟ್ಟಿ ಸಾಹೇಬರ ಹೆಸರಿಗೆ ಪಾರ್ಸಲ್ ಕಳಿಸಿದರು. ಒಪ್ಪಿಕೊಂಡಿದ್ದ ಮೂರು ಭಾಷಣಗಳು ಒಂದೇ ವಾರದಲ್ಲಿ ರದ್ದಾದವು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ನಮ್ಮವ್ವ ಸುಮ್ಮನೆ ಹೇಳುತ್ತಿರಲಿಲ್ಲ. ನಮ್ಮ ಹುಡುಗಿ ಮಾತ್ರ ಯಾರಿಗೂ ಏನೂ ಹೇಳದೆ ಒಂದು ಹಾಳೆಯ ದೂರು ಬರೆದು ದಿಲ್ಲಿಯ ಕಚೇರಿಗೆ ಕಳಿಸಿದಳು. ದಿಲ್ಲಿಯವರು ಅದನ್ನು ನಮ್ಮಲ್ಲಿದ್ದ ಮಹಿಳಾ ದೂರು ಸಮಿತಿಗೇ ವಾಪಸು ಕಳಿಸಿ ವರದಿ ಕೇಳಿದರು.

ಆ ಸಮಿತಿಯ ಅಧ್ಯಕ್ಷೆ ಯಾರು ಅಂತೀರಿ? ಇದ್ದ ಒಬ್ಬಳೇ ಹೆಂಗಸು ಅಧಿಕಾರಿ ಅಂತ ನನ್ನನ್ನೇ ಕೂರಿಸಿದ್ದರು! ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಬಿಡುತ್ತೇನೆ ಅಂತ ಬರೆದೆ. ಬೇರೆ ಮಹಿಳಾ ಅಧಿಕಾರಿ ಲಭ್ಯವಿಲ್ಲ, ಮುಂದುವರಿಯಿರಿ ಅಂತ ಉತ್ತರ ಬಂತು.

ಸಾಹೇಬರು ಕೋಣೆಗೆ ಕರೆದು ಚಹಾ ತರಿಸಿದರು. ಒಂಬತ್ತು ವರ್ಷದಲ್ಲಿ ಅವರು ನನಗೆ ಚಹಾ ತರಿಸಿದ್ದು ಅದೇ ಮೊದಲು. "ಹಾಸ್ಯಕ್ಕೆ ಅಂದದ್ದು, ಯಾರ ಮನಸ್ಸಿಗೂ ನೋವಾಗಿಲ್ಲ ಅಂತ ಎರಡು ಸಾಲು ಬರೆಯಿರಿ. ನನ್ನ ನಂತರ ಈ ಕುರ್ಚಿ ನಿಮ್ಮದೇ," ಅಂದರು. ಮೇಜಿನ ಮೇಲೆ ಒಂದು ಫೈಲು ತೆರೆದೇ ಇತ್ತು. ಹುಡುಗಿಯ ಕೆಲಸ ವರ್ಷದಿಂದ ವರ್ಷಕ್ಕೆ ಮುಂದುವರಿಯುವಂಥದ್ದು, ಮಾರ್ಚ್ ಕೊನೆಗೆ ಸಹಿ ಬೀಳಬೇಕು. ಸಾಹೇಬರು ಸಹಿ ಹಾಕಿರಲಿಲ್ಲ. ನಾನು ಆ ಎರಡು ಸಾಲು ಬರೆದರೆ ಸಾಹೇಬರು ಉಳಿಯುತ್ತಾರೆ, ಆ ಸಹಿ ಬೀಳುವುದಿಲ್ಲ, ಹುಡುಗಿಯ ಮೂರು ಮಳೆಗಾಲವೂ ನೀರಲ್ಲಿ ಹೋಗುತ್ತದೆ, ಅವಳು ಸಿಲ್ಲೋಡಿಗೆ ಗಂಟುಮೂಟೆ ಕಟ್ಟಬೇಕು. ಅಷ್ಟು ನನಗೆ ತಿಳಿಯಿತು. ಆದರೂ ಚಹಾ ಕುಡಿದೆ, ನೋಡ್ತೀನಿ ಸರ್ ಅಂದೆ. ಥೂ ನನ್ನ!

ವಿಚಾರಣೆಗೆ ಕೂತವರು ಮೂವರು. ನಾನು, ಹೆಡ್‌ಕ್ಲರ್ಕು, ಮತ್ತೆ ಹೊರಗಿನ ಸದಸ್ಯೆಯಾಗಿ ಒಬ್ಬ ನಿವೃತ್ತ ಹೆಡ್‌ಮಿಸ್ಟ್ರೆಸ್. ಅಚ್ಚ ಮರಾಠಿಯವರು, ಮೂಗಿನ ತುದಿಗೆ ಕನ್ನಡಕ. ಅವರು ಹುಡುಗಿಯನ್ನು ಮರಾಠಿಯಲ್ಲಿ ಕೇಳಿದರು: "ಆ ಮಾತಿನಿಂದ ನಿನಗೆ ನೋವಾಯಿತೇ?"

ಹುಡುಗಿ ಅಷ್ಟೊತ್ತು ಮರಾಠಿಯಲ್ಲಿ ಪಟಪಟ ಉತ್ತರ ಕೊಟ್ಟವಳು ಈಗ ತಡವರಿಸಿದಳು. ಆಮೇಲೆ ನನ್ನ ಕಡೆ ತಿರುಗಿ, ಉಳಿದಿಬ್ಬರಿಗೆ ತಿಳಿಯಬಾರದೆಂದೋ ಏನೋ, ಕನ್ನಡದಲ್ಲಿ ಅಂದಳು.

"ಸರ್ ಅಂದಾಗ ನನಗ ಕಾಹೀ ಅನಸ್ಲಿಲ್ರೀ ಮೇಡಂ. ಅವ್ರು ಹಂಗೇ. ನೀವು ನಕ್ರಿ ನೋಡ್ರಿ, ಆಗ ಅಳು ಬಂತು. ಮೂರು ವರ್ಷದಾಗ ಅದೊಂದೇ ಸಲ. ಬಾಹೇರ್, ಹೊರಗ ಹೋಗಿ ಅತ್ತು ಬಂದು ಮತ್ತ ಸ್ಲೈಡ್ ಹಚ್ಚಿದೆ."

"ಏನಂದಳು?" ಅಂದರು ಹೆಡ್‌ಮಿಸ್ಟ್ರೆಸ್.

ಹೆಡ್‌ಕ್ಲರ್ಕು ಪೆನ್ನು ಹಿಡಿದು ನನ್ನ ಮುಖ ನೋಡಿದ, ಯಾವಾಗಲೂ ನೋಡುವ ಹಾಗೆಯೇ. ಆ ಕೋಣೆಯಲ್ಲಿ ಕನ್ನಡ ಬಲ್ಲವರು ನಾನು, ಹುಡುಗಿ ಇಬ್ಬರೇ. ಸರ್ ಮಾತಿಗೆ ಏನೂ ಅನಿಸಲಿಲ್ಲವಂತೆ ಅಂತ ನಾನು ಅರ್ಧ ಹೇಳಿ ನಿಲ್ಲಿಸಿದ್ದರೆ ಸಾಕಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಸಾಹೇಬರು ಉಳಿಯುತ್ತಿದ್ದರು, ಕುರ್ಚಿ ನನಗೆ ಬರುತ್ತಿತ್ತು. ಹುಡುಗಿ ನನ್ನನ್ನು ತಡೆಯುತ್ತಿರಲಿಲ್ಲ, ಅವಳು ಮೇಜನ್ನೇ ನೋಡುತ್ತಿದ್ದಳು. ನನ್ನ ಜೀವಮಾನದಲ್ಲಿ ಅಷ್ಟು ನಾಚಿಕೆ ಎಂದೂ ಆಗಿಲ್ಲ.

ಪೂರ್ತಿ ಹೇಳಿದೆ. ಒಂದೊಂದು ಮಾತನ್ನೂ ಮರಾಠಿಯಲ್ಲಿ ಹೇಳಿ, ಬರ್ಕೋರಿ ಅಂದೆ. ಹೆಡ್‌ಕ್ಲರ್ಕು ಬರೆಯುತ್ತಾ ಎರಡು ಸಲ ತಲೆಯೆತ್ತಿದ. ಹೆಡ್‌ಮಿಸ್ಟ್ರೆಸ್ ಕನ್ನಡಕ ಸರಿಮಾಡಿಕೊಂಡು, "ಹಾಗಾದರೆ ಅಧ್ಯಕ್ಷರು ಎದ್ದು ಆ ಕಡೆಯ ಕುರ್ಚಿಗೆ ಹೋಗಬೇಕು," ಅಂದರು. ಎದ್ದು ಹೋಗಿ ಹುಡುಗಿಯ ಪಕ್ಕ ಕೂತೆ.

"ಆ ಜೋಕಿನಲ್ಲಿ ನಗುವಂಥದ್ದು ಏನಿತ್ತು?"

"ಏನೂ ಇಲ್ಲರಿ."

"ಮತ್ತೆ ಯಾಕೆ ನಕ್ಕಿರಿ?"

"ರೂಢಿ. ಅದಕ್ಕೂ ಮೊದಲು ಹತ್ತಾರು ಸಲ ನಕ್ಕಿದ್ದೆ."

"ಪ್ರತಿ ಸಲವೂ ನೀವೇ ಮೊದಲು?"

"ಹೌದು. ಅದಕ್ಕೇ ಅವರಿಗೆ ಅದು ಜೋಕು ಅನ್ನಿಸಿತ್ತು," ಅಂದೆ. ಹೇಳಿದ ಮೇಲೆಯೇ ನನಗೂ ಅದು ಹೊಳೆದದ್ದು.

ವರದಿಯಲ್ಲಿ ಅದೂ ಹೋಯಿತು. ಸಾಹೇಬರನ್ನು ದಿಲ್ಲಿಗೆ ಎತ್ತಿದರು, ಹಳೆಯ ಕಡತಗಳ ವಿಭಾಗಕ್ಕೆ. ಅಲ್ಲಿ ಜೋಕು ಕೇಳುವವರು ಯಾರೂ ಇಲ್ಲವೆಂದು ಸುದ್ದಿ. ನನಗೆ ಲಿಖಿತ ಎಚ್ಚರಿಕೆ ಬಂತು, ಕುರ್ಚಿ ಬೇರೆಯವರ ಪಾಲಾಯಿತು. ಗಂಡ ಎಚ್ಚರಿಕೆಯ ಪತ್ರವನ್ನು ಎರಡು ಸಲ ಓದಿ, "ಇರ್ಲಿ ಬಿಡು, ಇನ್ನ ಮ್ಯಾಲ ನಾ ಹೇಳಿದ್ದಕ್ಕರೇ ನಗು," ಅಂದರು. ಹುಡುಗಿಯ ಕೆಲಸವನ್ನು ದಿಲ್ಲಿಯವರೇ ಮುಂದುವರಿಸಿದರು.

ಆದೇಶ ಬಂದ ದಿನ ಹುಡುಗಿ ನನ್ನ ಕೋಣೆಗೆ ಬಂದಳು. ಕೈಯಲ್ಲಿ ಇನ್ನೊಂದು ಅರ್ಜಿಯಿತ್ತು. ತನ್ನ ಪಿಎಚ್‌ಡಿಯನ್ನು ಬೇರೆ ಗೈಡಿನ ಕೈಕೆಳಗೆ ಮುಗಿಸಲು ನನ್ನ ಒಪ್ಪಿಗೆ ಬೇಕು ಅಂತ.

"ನಿಮ್ಮ ಮ್ಯಾಲ ಸಿಟ್ಟು ನಾಹೀರೀ ಮೇಡಂ," ಅಂದಳು. "ಖರೇನೇ. ಆದ್ರ ನೀವು ಎದುರಿಗೆ ಕೂತಾಗ ನನಗ ಬೋಲಾಯಲಾ, ಮಾತಾಡ್ಲಿಕ್ಕ ಆಗೂದಿಲ್ಲ."

ಏನಾದರೂ ತಮಾಷೆ ಆಡಿ ಹಗುರ ಮಾಡೋಣ ಅಂತ ಒಂದು ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು. ಬಾಯಿ ಮುಚ್ಚಿಕೊಂಡು ಸಹಿ ಹಾಕಿ ಕೊಟ್ಟೆ.