ಬಾರಿನ ಗೋಡೆಯ ಮೇಲೆ ಅವ್ವ

ಸಿಂಧನೂರಿನಲ್ಲಿ ಅಂಗಡಿಗಳ ಬೋರ್ಡು ಬರೆದು, ಶಾಲೆಯ ಗೋಡೆಗಳಿಗೆ ಚಿತ್ರ ಬಿಡಿಸಿ ಹೊಟ್ಟೆ ಹೊರೆಯುವವನು ನಾನು. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಡಿಮೆ. ಹಾಗಾಗಿ ಮಸ್ಕಿ ರಸ್ತೆಯಲ್ಲಿ ಹೊಸ ಬಾರ್ ತೆರೆದವನು ಒಳಗಿನ ದೊಡ್ಡ ಗೋಡೆ ತೋರಿಸಿ, ನಮ್ಮ ಕಡೆಯದೇ ಏನಾದರೂ ಬರೆ ಅಂದಾಗ ಎರಡನೇ ಮಾತಾಡಲಿಲ್ಲ. ಹನ್ನೆರಡು ದಿನ ಬರೆದೆ. ಕಾಲುವೆ ನೀರು ತುಂಬಿದ ಗದ್ದೆ, ಬಗ್ಗಿ ನೆಲ್ಲು ನಾಟಿ ಮಾಡುವ ಆರು ಹೆಂಗಸರು. ಎಲ್ಲರೂ ನನ್ನ ಊರು ತುರ್ವಿಹಾಳದ ನಮ್ಮ ಓಣಿಯವರೇ. ಎಲ್ಲರಿಗಿಂತ ಮುಂದಿದ್ದವಳು ನನ್ನ ಅವ್ವ, ಕೈಯಲ್ಲಿ ಸಸಿಯ ಕಟ್ಟು. ಅಷ್ಟು ಚೆನ್ನಾಗಿ ನಾನು ಯಾವತ್ತೂ ಬರೆದಿರಲಿಲ್ಲ.

ಎರಡು ತಿಂಗಳ ಮೇಲೆ ಆಟೋ ಓಡಿಸುವ ಗೆಳೆಯನೊಬ್ಬ, ನಿನ್ನ ಚಿತ್ರ ಒಮ್ಮೆ ಹೋಗಿ ನೋಡು ಎಂದ. ನನ್ನ ಮುಖ ನೋಡದೆ ಹೇಳಿದ. ಹೋದೆ. ಅವ್ವನ ಕೈಯಲ್ಲಿ ಸಸಿ ಇರಲಿಲ್ಲ. ಇನ್ಯಾರನ್ನೋ ಕರೆಸಿ ಅಲ್ಲೊಂದು ಬಿಯರ್ ಬಾಟಲಿ ಬರೆಸಿದ್ದರು. ನೊರೆ ಉಕ್ಕಿ ಅವಳ ಮೊಣಕೈವರೆಗೆ ಇಳಿದಿತ್ತು. ಇಬ್ಬರು ಪಕ್ಕದಲ್ಲಿ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು.

ಮಾಲೀಕನ ಮುಂದೆ ನಿಂತು, ಅದು ನನ್ನ ಹಡೆದವ್ವ ಎಂದೆ.

"ನನಗೇನ್ ಗೊತ್ತಪಾ? ಗಿರಾಕಿಗೆ ಬಾಟ್ಲಿ ಸೇರ್ಯಾದ. ಗ್ವಾಡಿ ನಂದು," ಎಂದು ಮತ್ತೆ ಮೊಬೈಲು ನೋಡತೊಡಗಿದ.

ಅವನ ಅಂಗಿ ಹಿಡಿದೆ. ಕೆಲಸದವರು ಬಿಡಿಸಿ ನನ್ನನ್ನು ಹೊರಗೆ ತಳ್ಳಿದರು.

ಸುದ್ದಿ ಊರು ಮುಟ್ಟಿತು. ಮರುದಿನ ಮೊದಲ ಬಸ್ಸಿಗೇ ಅವ್ವ ಬಂದು, ತನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗು ಎಂದಳು. ಬೇಡವೆಂದರೂ ಕೇಳಲಿಲ್ಲ. ನಾವು ಹೋದಾಗ ಮೂವರು ಕುಡಿಯುತ್ತ ಕೂತಿದ್ದರು. ಮಾಲೀಕ ಎದ್ದು ಕುರ್ಚಿ ಸರಿಸಿದ. ಅವಳು ಕೂರಲಿಲ್ಲ. ಗೋಡೆಯನ್ನು ಬಹಳ ಹೊತ್ತು ನೋಡಿದಳು. ಅವನಿಗೆ ಸರಿಯಾಗಿ ಬೈಯುತ್ತಾಳೆ ಎಂದು ಕಾದೆ. ಅವಳು ತಿರುಗಿದ್ದು ನನ್ನ ಕಡೆಗೆ.

"ಅವ ಬಾಟ್ಲಿ ಕೊಟ್ಟ. ಕುಡ್ಯಾಕ ಕುಂತವ್ರ ಮುಂದ ನನ್ನ ಬಗ್ಗಿಸಿ ನಿಲ್ಸಿದವ ನೀನ. ನನ್ನ ಒಂದ್ ಮಾತ ಕೇಳಿದ್ದೇನು?"

ನಿಜ ಹೇಳುತ್ತೇನೆ, ಆ ಹೊತ್ತಿಗೆ ಅವಳ ಮೇಲೂ ಸಿಟ್ಟು ಬಂತು. ಇಂಥ ಚಿತ್ರ ಬರೆದ ಮಗನಿಗೆ ಆಡುವ ಮಾತೇ ಇದು ಅನ್ನಿಸಿತು.

"ನನ್ನ ಅಳಸು. ಹಿಂದ ನಿಂತಾರಲ್ಲ, ಅವ್ರನ್ನೂ ಅಳಸು," ಎಂದಳು.

ಮಾಲೀಕ ತಕರಾರು ತೆಗೆದ. ಹಾಗಾದರೆ ನಾಳೆಯಿಂದ ಆರೂ ಮಂದಿ ಬಂದು ಇಲ್ಲೇ ಕೂರುತ್ತೇವೆ ಎಂದು ಅವ್ವ ಮೆಲ್ಲಗೆ ಹೇಳಿದಳು. ಅವನು ಕುಡಿಯುತ್ತಿದ್ದ ಮೂವರ ಕಡೆ ನೋಡಿ, ಅಳಿಸು ಎಂದ.

ಬಣ್ಣ ತಂದು ಬಳಿದೆ. ಬಾಟಲಿ ಬೇಗ ಹೋಯಿತು. ಅವ್ವನ ಮುಖ ಹೋಗಲು ಮೂರು ಕೋಟು ಬೇಕಾಯಿತು. ಅವಳು ಬಾಗಿಲಲ್ಲಿ ನಿಂತು ಮುಗಿಯುವ ತನಕ ನೋಡಿದಳು. ಸಂಜೆ ಅವಳನ್ನು ಬಸ್ಸು ಹತ್ತಿಸಿದೆ.

ಈಗ ಅಲ್ಲಿರುವುದು ಬರೀ ನೀರು ನಿಂತ ಗದ್ದೆ, ಅದರ ಮೇಲೆ ಕ್ರಿಕೆಟ್ ತೋರಿಸುವ ದೊಡ್ಡ ಟಿವಿ. ದಾರಿಯಲ್ಲಿ ಸಿಕ್ಕರೆ ಮಾಲೀಕ ಏನೂ ಆಗಿಲ್ಲವೆಂಬಂತೆ ನಮಸ್ಕಾರ ಹೇಳುತ್ತಾನೆ. ನಾನು ಮುಖ ತಿರುಗಿಸುತ್ತೇನೆ.

ಮೊನ್ನೆ ಊರಿಗೆ ಹೋದಾಗ, ಚಿತ್ರದಲ್ಲಿ ಅವ್ವನ ಹಿಂದಿದ್ದ ಐವರಲ್ಲಿ ಹಿರಿಯಳು ಕಟ್ಟೆಯ ಮೇಲೆ ಕೂತಿದ್ದಳು. ನನ್ನನ್ನು ನೀನು ಹೇಗೆ ಬರೆದಿದ್ದೆ, ಚೆಂದ ಕಾಣುತ್ತಿದ್ದೆನೇ ಎಂದು ಕೇಳಿದಳು. ಮೊಬೈಲಿನಲ್ಲಿ ಮೊದಲಿನ ಚಿತ್ರದ ಫೋಟೊ ಇತ್ತು. ಅವ್ವನ ಮೇಲಿನ ಸಿಟ್ಟಿಗೆ ತೋರಿಸಲಿಲ್ಲ.