ಹಾಡಿನ ಕೆಳಗಿನ ಮಾತು

ಅವರ ಎಡಗಣ್ಣು ಬಲಗಣ್ಣಿಗಿಂತ ಸಣ್ಣದು. ಮೊದಲು ಫೋಟೋ, ಆಮೇಲೆ ವಿಡಿಯೊ ಎಂದು ವರ್ಷಗಟ್ಟಲೆ ಅದನ್ನು ಮುಚ್ಚಿಕೊಂಡೇ ಕ್ಯಾಮೆರಾದೊಳಗೆ ನೋಡಿದ್ದರಿಂದ, ಚಹಾ ಕುಡಿಯುವಾಗಲೂ ಅದು ಅರ್ಧ ಮುಚ್ಚಿರುತ್ತಿತ್ತು. ಹೊಸಬರಿಗೆ ಕಣ್ಣು ಹೊಡೆದಂತೆ ಕಂಡು ಒಮ್ಮೊಮ್ಮೆ ಫಜೀತಿಯಾಗುತ್ತಿತ್ತು.

ಎಂಬತ್ತರ ದಶಕದ ಕೊನೆಗೆ ನಮ್ಮ ಜಹೀರಾಬಾದಿನ ಮದುವೆಗಳಿಗೆ ವಿಡಿಯೊ ಬಂದಾಗ ಅವರು ಎಲ್ಲರಿಗೂ ವಿಡಿಯೊ ಕಾಕಾ ಆದರು. ತಮ್ಮನ್ನು ಮಾತ್ರ ‘ಡೈರೆಕ್ಟರ್’ ಎಂದೇ ಕರೆದುಕೊಳ್ಳುತ್ತಿದ್ದರು. ಲಗ್ನದ ಮರುದಿನ ಮದುಮಕ್ಕಳನ್ನು ನಿಲ್ಲಿಸಿ ಒಂದು ಹಾಡು ತೆಗೆಯದೆ ಬಿಡುತ್ತಿರಲಿಲ್ಲ. ಅವರ ಹೆಸರಾಂತ ಕೃತಿ ಕೊಹೀರಿನ ಒಂದು ಮದುವೆಯದು. ಹಾಡಿನ ನಡುವೆ ಎತ್ತೊಂದು ನುಗ್ಗಿ ಮದುಮಗನ ಹಾರ ತಿಂದಿತು, ಕಾಕಾ ಅದನ್ನು ಕತ್ತರಿಸಿ ಹಾಕಲೇ ಇಲ್ಲ. ಜನ ಹಾಡು ಬಿಟ್ಟು ಎತ್ತನ್ನೇ ಮತ್ತೆ ಮತ್ತೆ ಹಾಕಿಸಿ ನೋಡಿದರು.

ನನ್ನ ಲಗ್ನವಾದದ್ದು ತಾಂಡೂರಿಗೆ. ಮರುದಿನ ಬೆಳಿಗ್ಗೆ ಕಾಕಾ ನಮ್ಮಿಬ್ಬರನ್ನು ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ರಾಶಿಯ ಮೇಲೆ ನಿಲ್ಲಿಸಿದರು. ಹಿರಿಯರೆಲ್ಲ ದೂರದಲ್ಲಿ ಸಾಲಾಗಿ ನಿಂತಿದ್ದರು. ನಾವಿಬ್ಬರೂ ಫೋಟೋ ತೆಗೆಯುತ್ತಾರೆಂದು ಉಸಿರು ಹಿಡಿದು ಸೆಟೆದು ನಿಂತೆವು.

“ಸುಮ್ ನಿಂತ್ರ ಹ್ಯಾಂಗ್ರಿ? ಏನರ ಮಾತಾಡ್ರಿ. ನಿಮ್ ದನಿ ಬರಂಗಿಲ್ಲ, ಮ್ಯಾಲ ಹಾಡು ಹಾಕ್ತೀನಿ,” ಎಂದರು.

ಅಲ್ಲಿಯವರೆಗೆ ಗಂಡನೊಂದಿಗೆ ಒಂದು ಮಾತೂ ಆಡಿರಲಿಲ್ಲ. ಶಿಕ್ಷಕರ ತರಬೇತಿಯ ಕೊನೆಯ ಪರೀಕ್ಷೆ ಬಾಕಿಯಿತ್ತು, ‘ಇನ್ನು ಓದು ಸಾಕು’ ಎಂದು ಅತ್ತೆ ಆಗಲೇ ಹೇಳಿದ್ದರು. ಯಾರಿಗೂ ಕೇಳಿಸದ ಜಾಗ ನನಗೆ ಮತ್ತೆಲ್ಲಿ ಸಿಗಬೇಕು? ಕೇಳಿಬಿಟ್ಟೆ.

“ನಂದು ಪರೀಕ್ಷಾ ಉಳದದರಿ. ಬರ್ಯಾಕ ಕಳಸ್ತೀರಿ?”

“ಅವ್ವ ಬ್ಯಾಡ ಅಂದಾಳ,” ಎಂದರು ಅವರು, ನೆಲ ನೋಡುತ್ತ.

ನನ್ನ ಮುಖ ಬಾಡಿತು. ಕಾಕಾ ಕೈಯೆತ್ತಿ, “ಬಿಸಲು ಸರಿ ಬಿದ್ದಿಲ್ಲ, ಇನ್ನೊಮ್ಮೆ ಮಾಡಮು,” ಎಂದರು.

“ಎಷ್ಟ ಸಲಾರಿ? ಕ್ಯಾಸೆಟ್ ಮುಗಿಯಂಗಿಲ್ಲೇನು?” ಅತ್ತೆ ದೂರದಿಂದಲೇ ಗದರಿದರು.

“ಸೊಸಿ ಇನ್ನಾ ನಕ್ಕಿಲ್ಲರಿ ಅವ್ವೋರೆ!”

ನಾನು ಮತ್ತೆ ಕೇಳಿದೆ: “ಅತ್ತಿಯವರದು ಬಿಡ್ರಿ. ನಿಮಗ ಹ್ಯಾಂಗ ಅನಸ್ತದ?”

ಕಾಕಾ ಮತ್ತೊಮ್ಮೆ, ಮಗದೊಮ್ಮೆ ಎಂದು ಮಾಡಿಸುತ್ತಲೇ ಇದ್ದರು. ಕೊನೆಗೆ ನನ್ನ ಗಂಡ ತಲೆಯೆತ್ತಿ, “ಬರಿ. ಅವ್ವಗ ನಾ ಹೇಳ್ತೀನಿ,” ಎಂದರು. ನಾನು ನಕ್ಕೆ. ಆಗಲೇ ಕಾಕಾ ಕ್ಯಾಮೆರಾ ಇಳಿಸಿದ್ದು.

ಪರೀಕ್ಷೆ ಬರೆದೆ, ಶಿಕ್ಷಕಿಯಾದೆ. ಕೆಲವು ವರ್ಷಗಳ ನಂತರ ಮೈದುನನ ಲಗ್ನಕ್ಕೆ ಬಂದ ಕಾಕಾನನ್ನು, ಅಂದು ಅಷ್ಟು ಸಲ ಯಾಕೆ ತೆಗೆದಿರಿ ಎಂದು ಕೇಳಿದೆ.

“ಎಲ್ಲಿ ತಗದೀನವ್ವ? ಕಡೀಕ ನೀ ನಕ್ಕಿದ್ದೊಂದೇ ತಗದಿದ್ದು. ಉಳದದ್ದು ಬರೇ ನಿಮಗ ಮಾತಾಡಾಕ ಬಿಟ್ಟಿದ್ದು.” ಸಣ್ಣ ಕಣ್ಣು ಇನ್ನಷ್ಟು ಸಣ್ಣದಾಯಿತು. “ನನ್ನ ಲಗ್ನದಾಗ ಯಾರೂ ಹಿಂಗ ಬಿಡಲಿಲ್ಲ. ನನ್ನ ಹೇಣ್ತಿಗಿ ಏನ್ ಬೇಕಿತ್ತು ಅಂತ ನಾ ಕೇಳೋದ್ರಾಗ ಆಕಿ ಮುದುಕಿ ಆಗಿದ್ಳು.”

ಕಾಕಾ ತೀರಿಕೊಂಡ ಸುದ್ದಿ ಬಂದಾಗ ನಾನು ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ಮಕ್ಕಳ ಮುಂದೆಯೇ ಅತ್ತುಬಿಟ್ಟೆ. ಆ ಕ್ಯಾಸೆಟ್ ಬೂಸಲು ಹಿಡಿದು ಹಾಳಾಗಿದೆ. ಮೇಲೆ ಯಾವ ಹಾಡು ಹಾಕಿದ್ದರೆಂದು ನಾವು ಗಂಡಹೆಂಡತಿ ಇಂದಿಗೂ ಜಗಳವಾಡುತ್ತೇವೆ. ಅದರ ಕೆಳಗಿನ ಮಾತು ಮಾತ್ರ ಇಬ್ಬರಿಗೂ ಬಾಯಿಪಾಠ.