ಕಿಡಕ್ಯಾಗ ನಿಂತಾಕಿ

ಮಂದಿ ಕಿಡಕಿ ನೋಡೂ ಚಟ ನನಗ ಮೊದಲಿಂದೂ ಐತಿ, ಸುಳ್ಳ್ಯಾಕ ಹೇಳ್ಲಿ. ಹುಬ್ಬಳ್ಳಿಯಿಂದ ಅಣ್ಣಿಗೇರಿಗೆ ರೈಲಿನಾಗ ಹೊಂಟಿದ್ದೆ. ಬಾಜೂಕ ಕುಂತ ಹುಡುಗಿ ಲ್ಯಾಪ್‌ಟಾಪಿನಾಗ ಮುಂಬೈದೊಂದು ಮುಗಲು ಮುಟ್ಟೂ ಕಟ್ಟಡದ ಫೋಟೋ ತಿದ್ದಾಕತ್ತಿದ್ದಳು. ತಾನೇ ತಗದದ್ದಂತ. ಬಣ್ಣ ಎಲ್ಲಾ ತಗದು, ಹಾಡಹಗಲಿನ ಆಕಾಶಾನ ಕರ್ರಗ ಮಾಡಿದಳು. ನಮ್ಮ ಕರಿಮಣ್ಣಿನ ಎರಿಹೊಲಾನ ಎತ್ತಿ ಮ್ಯಾಲೆ ಹಾಸಿದಂಗ ಕಂಡಿತು. ಅದರಾಗ ಬೆಳ್ಳಗ ನಿಂತ ಕಟ್ಟಡ ರೈಲಿನ ಸಂಗಾಟ ತೂಗಾಕತ್ತಿತು. ನನಗೂ ಜೋಂಪು ಹತ್ತಿದಂಗಾತು.

ಅಷ್ಟರಾಗ ಒಂದು ಕಿಡಕ್ಯಾಗ ಬಗ್ಗಿ ನಿಂತ ಹೆಂಗಸೊಬ್ಬಾಕಿ ಕಂಡಳು. ಹುಡುಗಿ ಆಕೀನ್ನ ಅಳಸಾಕ ಹೊಂಟಳು.

“ಯವ್ವಾ, ತಡಿ! ಆಕಿ ಏನ್ ಮಾಡ್ಯಾಳ ನಿನಗ?”

“ಆಕಿ ಇದ್ದರ ಕಟ್ಟಡದ ನೆಟ್ಟಗಿನ ಗೆರಿ ಕೆಡತಾವ್ರಿ ಅಜ್ಜಿ. ಸ್ಪರ್ಧಾಕ್ಕ ಇವತ್ತ ಕಳಸಬೇಕ್ರಿ. ಎರಡ ಸಲ ಸೋತೇನಿ. ಚಿತ್ರ ಚಲೋ ಐತಿ, ನೆನಪಿನಾಗ ಉಳಿಯೂದಿಲ್ಲ ಅಂತ ತೀರ್ಪುಗಾರರು ಅಂದರ್ರಿ.”

“ನೆನಪಿನಾಗ ಉಳಿಯೂದು ಇದೊಂದ ಕಿಡಕಿ, ಅದನ್ನ ಅಳಸಾಕತ್ತೀಯಲ್ಲ ಹುಚ್ಚಿ! ಆಕಿ ಸುಮ್ನ ನಿಂತಿಲ್ಲ, ಕೆಳಗ ಯಾರನ್ನೋ ನೋಡಾಕತ್ತಾಳ. ದೊಡ್ಡದು ಮಾಡು.”

ಮಾಡಿದಳು. ಎರಡು ಅಂತಸ್ತು ಕೆಳಗಿನ ಕಿಡಕ್ಯಾಗ ಒಬ್ಬಾಂವ ಬರೇ ಬನಿಯನ್‌ನಾಗ ನಿಂತು ಮ್ಯಾಲೆ ನೋಡಾಕತ್ತಿದ್ದ! ಅಷ್ಟೊತ್ತಿಂದ ತಿದ್ದಾಕತ್ತಿದಾಕಿಗೆ ಅದು ಕಂಡಿರಲಿಲ್ಲ. ಹುಡುಗಿ ಬಾಯಿಮ್ಯಾಲೆ ಕೈ ಇಟ್ಟುಕೊಂಡು ನಕ್ಕಳು. ಇಬ್ಬರನ್ನೂ ಹಂಗ ಬಿಟ್ಟು ಫೋಟೋ ಕಳಿಸೇಬಿಟ್ಟಳು.

ಆಕಿ ಗೆದ್ದಳೋ ಸೋತಳೋ ನನಗ ಗೊತ್ತಿಲ್ಲ. ನಾನು ಮಾತ್ರ ನಮ್ಮೂರು ಶಲವಡಿಗೆ ಬಂದು ಕಟ್ಟಿಮ್ಯಾಲೆ ಕುಂತು ಕಂಡಷ್ಟು ಹೇಳಿದೆ. ಇವತ್ತಿಗೂ ಮಂದಿ ಕೇಳತಾರ: “ಆಕಿ ಕೆಳಗ ಇಳದಳೋ, ಅಂವಾ ಮ್ಯಾಲೆ ಹತ್ತಿದನೋ?”